ಅಚ್ಚಾಗದ ಸಾಲು

ಡ್ರೀಫಾಂಟೇನ್, ಕರೂ
14 ಆಗಸ್ಟ್ 1974

ಪ್ರೀತಿಯ ಮಗಳು ಅಲೆಟಾಳಿಗೆ, ಅಮ್ಮನ ಮುತ್ತುಗಳು.

ನಿನ್ನ ಮೂರು ಕಾಗದಗಳಲ್ಲಿ ಒಂದಕ್ಕೂ ಉತ್ತರಿಸಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ನಮ್ಮ ಟಪಾಲನ್ನು ಯಾರೋ ಒಡೆದು ಓದುತ್ತಿದ್ದಾರೆ. ಇದನ್ನು ಕೇಪ್‌ಟೌನಿಗೆ ಹೊರಟಿರುವ ಪಕ್ಕದ ಮನೆಯ ಸೂಸಾನಾ ಕೈಯಲ್ಲಿ ಕೊಡುತ್ತಿದ್ದೇನೆ. ಓದಿ ಸುಟ್ಟುಬಿಡು.

ಹೋದ ಮಂಗಳವಾರ ಇಬ್ಬರು ಪೊಲೀಸರು ಬಂದರು. ಕಾಫಿ, ರಸ್ಕ್ ಕೊಟ್ಟೆ. ಮನೆಗೆ ಬಂದವರಿಗೆ ಕೊಡದೆ ಇರಲು ನನಗೆ ಬರುವುದಿಲ್ಲ. ಅವರಲ್ಲಿ ಚಿಕ್ಕವನು ಅಪ್ಪನಿಗೆ, "ಯಜಮಾನ್ರೇ, ನಿಮ್ಮ ಮಳೆ ಪದ್ಯ ಮೂರನೇ ಕ್ಲಾಸಲ್ಲೇ ಬಾಯಿಪಾಠ ಮಾಡಿದ್ದೆ. ಕಾದಂಬರಿಗೆ ಬಹುಮಾನಾನೂ ಬಂತು. ಹಾಯಾಗಿರೋದು ಬಿಟ್ಟು ಈ ನಾಟಕದ ಉಸಾಬರಿ ಯಾಕೆ ಬೇಕಿತ್ತು?" ಎಂದ. ರಸ್ಕನ್ನು ಕಾಫಿಯಲ್ಲಿ ಅದ್ದುತ್ತಲೇ ನಾಟಕದ ಸಾಲೊಂದನ್ನು ಹೇಳಿದ: "ಈ ನೆಲ ನಮ್ಮದಲ್ಲ ಅನ್ನೋದು ನಮಗಿಂತ ಮೊದಲು ನೆಲಕ್ಕೆ ಗೊತ್ತು."

ಆ ನಾಟಕ ಇನ್ನೂ ಟೈಪ್ ಕೂಡ ಆಗಿಲ್ಲ, ಅಪ್ಪನ ಮೇಜಿನ ಖಾನೆಯಲ್ಲೇ ಇದೆ.

ಅವರು ಹೋದ ಮೇಲೆ ಅಪ್ಪ ನೊಸಿಫೋಳನ್ನು ಕರೆದರು. "ನನ್ನ ಕೋಣೆ ಗುಡಿಸೋಳು ನೀನೊಬ್ಬಳೇ. ನಿನಗೆ ಓದೋದು ಕಲಿಸಿ ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಂಡೆ."

"ಧಣಿ, ನಿಮ್ಮ ಮಗಳನ್ನ ಬೆನ್ನಿಗೆ ಕಟ್ಕೊಂಡು ಸಾಕಿದೋಳು ನಾನು," ಎಂದಳು ಅವಳು. "ನನ್ನ ಮಗನ್ನ ಎಳ್ಕೊಂಡು ಹೋದೋರ ಹತ್ರ ನಾನು ಹೋಗಿ ಚಾಡಿ ಹೇಳ್ತೀನಾ? ಅಮ್ಮಾವ್ರೇ, ನೀವಾದ್ರೂ ಹೇಳಿ."

ನಾನು ಕಾಫಿ ಲೋಟಗಳನ್ನು ತೊಳೆಯುತ್ತಿದ್ದೆ. ಅಪ್ಪ ಅವಳನ್ನು ಕೆಲಸದಿಂದ ಬಿಡಿಸಿದರು. ಕೆಲಸವಿಲ್ಲದ ಕರಿಯರಿಗೆ ಈ ಊರಲ್ಲಿರಲು ಪರವಾನಗಿಯಿಲ್ಲವಲ್ಲ, ಶುಕ್ರವಾರದೊಳಗೆ ಅವಳು ಹೊರಡಬೇಕು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಪ್ಪ ಈಗ ಒಂದಕ್ಷರವನ್ನೂ ಬರೆಯುತ್ತಿಲ್ಲ. ಹೊರಗೆ ಕಾರು ನಿಂತರೆ ಇಬ್ಬರೂ ಮಾತು ನಿಲ್ಲಿಸುತ್ತೇವೆ. ಅವರನ್ನು ಕರೆದೊಯ್ಯುವ ದಿನ ದೂರವಿಲ್ಲವೆಂದು ನನಗೆ ಅನ್ನಿಸುತ್ತದೆ. ನೀನು ಅಲ್ಲೇ ಇರು, ಬರಬೇಡ. ಚಳಿಗೆ ಬೆಚ್ಚಗೆ ಹೊದ್ದುಕೋ. ದೇವರು ನಿನ್ನನ್ನು ತನ್ನ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಹೆಸ್ಟರ್

ತಾ.ಕ. ಪ್ರಭುಭೋಜನಕ್ಕೆ ಮುಂಚೆ ಚರ್ಚಿನ ಹಿರಿಯರು ಮನೆಮನೆಗೆ ಬರುತ್ತಾರಲ್ಲ, ಹೋದ ತಿಂಗಳು ಮಾಲೆರ್ಬ ಮಾವ ಬಂದಿದ್ದರು. ಅಪ್ಪ ಮನೆಯಲ್ಲಿರಲಿಲ್ಲ. "ಎಲ್ಲರ ನಂಬಿಕೆ ಗಟ್ಟಿಯಾಗಿದೆಯೇನಮ್ಮಾ?" ಎಂದು ಕೇಳಿದರು. ನನಗೆ ಅಳು ಬಂತು. ಅಪ್ಪನಿಗಾಗಿ ಪ್ರಾರ್ಥಿಸಲಿ ಎಂದು ಖಾನೆ ತೆಗೆದು ಆ ಸಾಲನ್ನು ನಾನೇ ಓದಿ ಹೇಳಿದೆ. ಶುಕ್ರವಾರಕ್ಕೆ ಇನ್ನೂ ಎರಡು ದಿನವಿದೆ. ಅಪ್ಪನಿಗೆ ಹೇಳುತ್ತೇನೆ ಎಂದು ನಿನಗೆ ಬರೆಯಲು ಕೈ ಬರುತ್ತಿಲ್ಲ.