ಹೊಸ ಟಾಯರು ಇಂದೇ ಬರುತ್ತದೆ

ಚಿ. ನಿಜಲಿಂಗಪ್ಪನಿಗೆ,

ನಮ್ಮ ಫಟಫಟಿ ಮೋಟಾರುಸೈಕಲ್ಲಿನ ಹಿಂದಿನ ಗಾಲಿಯ ಟಾಯರು ತೆಗೆದುಕೊಂಡು ಲಷ್ಕರ ಪೇಟೆಯ ಅಂಗಡಿಗೆ ಹೋಗುತ್ತಿದ್ದೇನೆ. ತೇಪೆ ಹಾಕಿಸುವುದಿಲ್ಲ, ಅದೇ ಅಳತೆಯ ಹೊಸದನ್ನೇ ತರುತ್ತೇನೆ. ಮೊಳೆ ಹೊಕ್ಕಲ್ಲಿ ಬೆರಳು ತೂರುವಷ್ಟು ಹರಿದಿದೆ, ನೀನೂ ನೋಡಿದ್ದೀ.

ನಾಗವ್ವತ್ತೆ ಮತ್ತೆ ಹೇಳಿದಳು: "ಶಿವರುದ್ರ ಹೋಗಿ ಇನ್ನೂ ತಿಂಗಳಾಗಿಲ್ಲಪಾ. ಸೂತಕದ ಮನಿಗೆ ಹೊಸಾ ಸಾಮಾನು ತರಬಾರದಂತ ವಾಡೇದಾಗಿನ ಬಾಡಿಗಿ ಮಂದಿ ಎಲ್ಲಾರೂ ಅಂತಾರ. ತ್ಯಾಪಿ ಹಾಕಿಸಿ ನಡಸು."

"ಲಿಂಗ ಕಟ್ಟಿದವರಿಗೆ ಎಲ್ಲೀ ಸೂತಕ? ಪುಣೇಕ್ಕ ಬಂದು ಅದನ್ನೂ ಮರತ್ಯಾ?" ಎಂದೆ. ಸಿಟ್ಟಾಗಿ ಅಡಿಗೆಮನೆ ಸೇರಿದ್ದಾಳೆ. ಸಮಾಧಾನ ಮಾಡಲು ಹೋಗಬೇಡ. ರೊಟ್ಟಿ ಮಾತ್ರ ಕೇಳಿ ಉಣ್ಣು.

ನಿನ್ನಣ್ಣ ಶಿವರುದ್ರ ಹಾಕಿಸಿದ ಟಾಯರು ಎಂದು ನಿನಗೂ ಬದಲಿಸಲು ಮನಸ್ಸಿಲ್ಲ, ಬಲ್ಲೆ. ಬಿಚ್ಚುವಾಗ ನನಗೂ ಕಣ್ಣು ತುಂಬಿತು. ಆದರೆ ಅದರ ಮೇಲೆ ದಿನಾ ಖಡಕಿಯ ಕಾರಖಾನೆಗೆ ಓಡಾಡುವವನು ನೀನು. ಜ್ವರ ಅವನನ್ನು ಒಯ್ದಾಗ ಶಿವನಿಚ್ಛೆ ಎಂದು ತಲೆಬಾಗಿದೆ. ಹರಿದ ಟಾಯರಿಗೆ ತಲೆಬಾಗುವುದಿಲ್ಲ.

ಇಂದು ಪಕ್ಕದ ಮನೆಯ ಕೃಷ್ಣಾಜಿಯ ಸೈಕಲ್ಲು ಕೇಳಿಕೊಂಡು ಹೋಗು. ಸಂಜೆ ಬೇಗ ಬಾ. ಹೊಸ ಟಾಯರಿಗೆ ವಿಭೂತಿ ಹಚ್ಚಿ, ವಾಡೆಯ ನಡುವಂಗಳದಲ್ಲೇ ಗಾಲಿಗೆ ಕೂಡಿಸೋಣ. ನೋಡುವವರೆಲ್ಲ ನೋಡಲಿ.

ನಿನ್ನ ಅಪ್ಪ