ಹೆಬ್ಬಳ್ಳಿಯ ಎಂಬತ್ತು ಕೊಡಗಳು

ಮಾಳಮಡ್ಡಿ, ಧಾರವಾಡ
೧೨ ಆಗಸ್ಟ್ ೧೯೪೩

ಪ್ರೀತಿಯ ತಮ್ಮ ಏಕನಾಥನಿಗೆ ಅಂಬಕ್ಕನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಮುಂಬಯಿಯ ಮಳೆಯಲ್ಲಿ ತೊಯ್ದ ಕೋಟಿನಲ್ಲೇ ಲೈಬ್ರರಿಯಲ್ಲಿ ಕೂತಿರುತ್ತೀ, ನನಗೆ ಗೊತ್ತಿಲ್ಲವೇ? ಶುಂಠಿ ಕಷಾಯವನ್ನಾದರೂ ಕುಡಿ, ಮಾರಾಯಾ. ಅವ್ವನೂ ನಾನೂ ಛಲೋ ಇದ್ದೇವೆ. ನನ್ನ ಹೆಣ್ಣುಮಕ್ಕಳ ಸಾಲೆಯೂ ನಡೆದಿದೆ.

ನಿನ್ನ ಕಾಗದ ಕಳೆದ ವಾರ ಬಂತು. ಮನೆಯ ಪಾತ್ರೆ-ಊಟಗಳ ಲೆಕ್ಕಕ್ಕೆಂದು ನೀನು ಕಳಿಸಿದ್ದ, ನಾನು ತುಂಬಿ ಕಳಿಸಿದ ಹೆಬ್ಬಳ್ಳಿಯ ನಲವತ್ತು ಮನೆಗಳ ಫಾರ್ಮುಗಳನ್ನು ನಿನ್ನ ಪ್ರೊಫೆಸರರು ಮೆಚ್ಚಿದರು, ಸುತ್ತಲಿನ ಹಳ್ಳಿಗಳಿಗಿಂತ ಈ ಊರು ಸುಸ್ಥಿತಿಯಲ್ಲಿದೆ ಎಂದು ಕೋಷ್ಟಕ ಮಾಡಿದರು ಎಂದು ಹಿಗ್ಗಿ ಬರೆದಿದ್ದೀ. ಕೊನೆಗೆ ಒಂದೇ ಸಾಲು: ಆ ಕೋಷ್ಟಕ ನೋಡಿ ಸರಕಾರದ ಧಾನ್ಯ ಕಮಿಟಿಯವರು ಅಗ್ಗದ ಜೋಳದ ಅಂಗಡಿ ಹೆಬ್ಬಳ್ಳಿಗೆ ಬೇಡವೆಂದರು. ಆ ಸಾಲು ಓದಿ ನನಗೆ ತಡೆಯಲಿಲ್ಲ. ಭಾನುವಾರ ಯಾರಿಗೂ ಹೇಳದೆ ಹೆಬ್ಬಳ್ಳಿಗೆ ಎದ್ದು ಹೋದೆ.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಾಳವ್ವ, ಅವಳ ಮನೆಗೇ ಮೊದಲು ಹೋದದ್ದು. ಒಲೆಯ ಮೇಲೆ ಹೊಲದ ಬದುವಿನ ಹತ್ತರಕಿ ಸೊಪ್ಪು ಬೇಯುತ್ತಿತ್ತು. ಜೋಳದ ನುಚ್ಚಿನ ಸುಳಿವೂ ಇಲ್ಲ. ಮೂಲೆಯಲ್ಲಿ ಮಣ್ಣಿನ ಗಡಿಗೆ. ನಾನೇ ಕೈಯಾರೆ ಬರೆದುಕೊಂಡಿದ್ದ ಎರಡು ಹಿತ್ತಾಳೆ ಕೊಡ ಎಲ್ಲಿ ಎಂದು ಕೇಳಿದೆ. ಬಾಳವ್ವ ಸೆರಗು ಬಾಯಿಗೆ ಹಿಡಿದು, “ಅವು ಗೌಡರ ಮನಿವು ಆಗಿದ್ವುರಿ, ಅಕ್ಕಾರ. ಮನಿಗೆ ಬಂದವರ ಮುಂದ ಮಣ್ಣಿನ ಗಡಗಿ ಹ್ಯಾಂಗ ಇಡೂದ್ರಿ? ನೀವು ಒಂದು ಮನ್ಯಾಗ ಬರಕೊಳ್ಳೂದ್ರಾಗ ನೀರು ಚೆಲ್ಲಿ ಹಿತ್ತಲದಾಗಿಂದ ಮುಂದಿನ ಮನಿಗೆ ಒಯ್ತಿದ್ವಿ,” ಅಂದಳು. ದಿನಕ್ಕೆ ಎರಡು ಊಟ ಅಂದದ್ದೂ ಸುಳ್ಳೇ. “ನಾಕ ಮಂದಿ ಓದೂ ಕಾಗದದಾಗ ಉಪಾಸ ಅದೇವಿ ಅಂತ ಬರಸಬೇಕೇನ್ರಿ?”

ಮನೆಗೆ ಎರಡರಂತೆ ನಾನು ಎಂಬತ್ತು ಕೊಡ ಬರೆದೆ, ಏಕನಾಥಾ. ಇದ್ದದ್ದು ಎರಡು. ಮನೆಮನೆಗೂ ಕೊಡ ಒದ್ದೆಯಾಗಿತ್ತು, ಆಗತಾನೇ ತೊಳೆದಿದ್ದಾರೆ, ಎಂಥ ಅಚ್ಚುಕಟ್ಟು ಹೆಂಗಸರು ಎಂದು ಮನಸ್ಸಿನಲ್ಲೇ ಹೊಗಳಿಕೊಂಡ ಮೂರ್ಖಳು ನಾನು!

ನಮ್ಮ ದೇಶವೇಕೆ ಬಡವಾಗಿದೆ, ಬೇರೆಯವರೇಕೆ ಸಿರಿವಂತರು, ಅಳೆಯದೆ ತಿಳಿಯುವುದಿಲ್ಲ ಅಕ್ಕಾ ಎಂದು ನೀನು ಬರೆದಾಗ ನನಗೆ ಹೆಮ್ಮೆಯಾಗಿತ್ತು. ಈಗ ಹೆದರಿಕೆಯಾಗುತ್ತದೆ. ಇಲ್ಲಿ ಹಸಿವಿಗಿಂತ ನಾಚಿಕೆ ದೊಡ್ಡದು. ಅದಕ್ಕೆ ನಿನ್ನ ಫಾರ್ಮಿನಲ್ಲಿ ಕಾಲಮ್ಮು ಇಲ್ಲವಲ್ಲ! ಬೇರೆ ಊರುಗಳಲ್ಲಿ ಬರೆದವರೂ ಹೀಗೇ ಮೋಸಹೋಗಿದ್ದರೆ, ಆ ಕೋಷ್ಟಕಗಳಿಗೆ ಏನು ಅರ್ಥ? ಪ್ರೊಫೆಸರರಿಗೆ ಹೇಳು. ತಪ್ಪು ನನ್ನದು ಎಂದೇ ಹೇಳು. ಅಚ್ಚಾದದ್ದನ್ನು ಕಮಿಟಿಯವರು ಹೊಡೆದುಹಾಕುತ್ತಾರೆಂದು ನನಗೇನೂ ಭರವಸೆಯಿಲ್ಲ. ಬಾಳವ್ವ ಮಾತ್ರ ನಾನು ಹೊರಟಾಗ ಅಂಗಳದ ತನಕ ಬಂದು, “ಅಂಗಡಿ ಯಾವಾಗ ಬರತೈತ್ರಿ?” ಎಂದು ಕೇಳಿದಳು.

ಅವ್ವನ ಆಶೀರ್ವಾದ. ಮೈ ನೋಡಿಕೋ.

ನಿನ್ನ
ಅಂಬಾಬಾಯಿ

ತಾ. ಕ.: ಟಪಾಲಿನ ಹೊತ್ತಾಯಿತು, ಲಗೂ ಬರೆಯುತ್ತೇನೆ. ಹೇಗೆ ತುಂಬುವುದೆಂದು ನೋಡಲು ಎಲ್ಲಕ್ಕೂ ಮೊದಲು ನಮ್ಮ ಮನೆಯ ಫಾರ್ಮನ್ನೇ ಬರೆದಿದ್ದೆ. ಧಾರವಾಡದ ಫಾರ್ಮುಗಳ ಕಟ್ಟಿನಲ್ಲಿ ಅದು ಒಂದನೆಯದು. ದಿನಕ್ಕೆ ಎರಡು ಊಟ ಎಂದಿದೆ. ಮಾರ್ಚಿನಿಂದ ಒಂದೇ. ಕೇಳಿದವರಿಗೆ ಅವ್ವ ವ್ರತ ಎನ್ನುತ್ತಾಳೆ, ನಾನೂ ಹೂಂ ಎನ್ನುತ್ತೇನೆ. ಅದನ್ನೂ ತಿದ್ದು. ಓದು ಬಿಟ್ಟು ಮಾತ್ರ ಬರಬೇಡ.