ಅವ್ವ ಕಾಲು ಚಾಚಿ ಮಲಗಿದಳು

ವಿನೋಬನಗರ, ದಾವಣಗೆರೆ

ಎರ್ರಿಸ್ವಾಮಿ ಮಾವನಿಗೆ ಆಶಾಳ ನಮಸ್ಕಾರ.

ಮಾವ, ಅವ್ವ ನಿನ್ನೆ ಕಾಲು ಚಾಚಿ ಮಲಗಿ ನಿದ್ದೆ ಮಾಡಿದಳು! ಮಲಗಿದರೆ ಉಸಿರು ಕಟ್ಟುತ್ತದೆಂದು ಇಷ್ಟು ದಿನ ಗೋಡೆಗೊರಗಿ ಕೂತೇ ಇರುತ್ತಿದ್ದಳಲ್ಲ. ಡಾಕ್ಟರು, "ಹಾರ್ಟ್ ಫೇಲ್ ಅಂದ್ರೆ ಹೃದಯ ನಿಂತೈತೆ ಅಂತಲ್ಲಮ್ಮ, ರಕ್ತ ತಳ್ಳೋ ಬಲ ಕಮ್ಮಿ ಆಗೈತೆ. ಅದಕ್ಕೇ ಶ್ವಾಸಕೋಶದಾಗೆ, ಕಾಲಾಗೆ ನೀರು ತುಂಬೈತೆ" ಎಂದು ಔಷಧಿ ಕೊಟ್ಟಿದ್ದರು. ಈಗ ನೀರು ಇಳಿದಿದೆ, ಕಾಲಿನ ಬಾವೂ ಕರಗಿದೆ. ಗುಳಿಗೆ ಮಾತ್ರ ಎಂದೂ ಬಿಡುವಂತಿಲ್ಲ.

ಬೆಳಿಗ್ಗೆ ಎದ್ದವಳೇ, "ನನ್ನ ತಮ್ಮ ಕಡೇ ಸಲ ನೋಡಾಕಂತ ಬಂದು ಅತ್ತು ಹೋದ. ಈಗ ನಾನೇ ಹರಿಹರಕ್ಕೆ ಹೋಗಿ ಅವನನ್ನ ನಗಿಸಿ ಬರ್ತೀನಿ" ಎಂದಳು!

ಭಾನುವಾರ ಕರೆತರುತ್ತೇನೆ. ಮೆಟ್ಟಿಲು ಹತ್ತದಂತೆ ಅವಳ ಹಾಸಿಗೆ ಕೆಳಗಿನ ಕೋಣೆಯಲ್ಲಿರಲಿ, ಸಾರಿಗೆ ಉಪ್ಪು ಕಡಿಮೆಯಿರಲಿ. ಉಪ್ಪಿನಕಾಯಿ ಭರಣಿಯನ್ನು ಈಗಲೇ ಪಕ್ಕದ ಮನೆಯಲ್ಲಿಟ್ಟುಬಿಡಿ. ಅಕ್ಕ ಕೇಳಿದರೆ ಇಲ್ಲವೆನ್ನಲು ನಿಮಗೆ ಬಾಯಿ ಬರುವುದಿಲ್ಲ, ನನಗೆ ಗೊತ್ತು.

ನಿಮ್ಮ ಅಕ್ಕನ ಮಗಳು,
ಆಶಾ